ಸ್ಕ್ಯಾನ್ ಚಿತ್ರದ ಗೆರೆಯಿಂದಾಚೆ

ಕೇಳುಗರೆ, ನಮಸ್ಕಾರ.

ಮಿದುಳಿನ ಗಡ್ಡೆಯೊಂದರ ಎಂ.ಆರ್.ಐ. ಚಿತ್ರವನ್ನು ಪರದೆಯ ಮೇಲೆ ತೆರೆದುಕೊಂಡ ತಜ್ಞರು ಒಂದೊಂದೇ ಪದರವನ್ನು ಸರಿಸುತ್ತ, ಮೌಸ್ ಹಿಡಿದು ಗಡ್ಡೆಯ ಸುತ್ತ ಗೆರೆ ಎಳೆಯುತ್ತಾರೆ. ಅದೇ ಚಿತ್ರವನ್ನು ಇನ್ನೊಬ್ಬ ತಜ್ಞರ ಕೈಗೆ ಕೊಟ್ಟರೆ ಗೆರೆ ಕೆಲವು ಮಿಲಿಮೀಟರ್ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಇಬ್ಬರಲ್ಲಿ ಯಾರದೂ ತಪ್ಪಲ್ಲ. ಆ ಜಾಗದಲ್ಲಿ ಗಡ್ಡೆ ಮುಗಿದಿರುವುದೇ ಇಲ್ಲ. ಕ್ಯಾನ್ಸರ್ ಸಂಶೋಧನೆಗೆ ಗಣಿತದ ಮಾದರಿಗಳು, ಅಂದರೆ ಗಡ್ಡೆಯ ಬೆಳವಣಿಗೆಯನ್ನು ಸೂತ್ರಗಳಲ್ಲಿ ಹಿಡಿಯುವ ಲೆಕ್ಕಗಳು, ಏಕೆ ಬೇಕಾದವು ಎಂಬುದನ್ನು ಈ ಗೆರೆಯಿಂದಲೇ ವಿವರಿಸಬಹುದು.

ಚಿತ್ರಣ ಬೇರೆ, ಗಣನೆ ಬೇರೆ ಎಂದು ನಾವು ಎಣಿಸುವುದುಂಟು. ಆದರೆ 1971ರಲ್ಲಿ ಮೊದಲ ರೋಗಿಯ ಮಿದುಳನ್ನು ತೋರಿಸಿದ ಸಿ.ಟಿ. ಸ್ಕ್ಯಾನ್ ಕೂಡ ಮೂಲತಃ ಒಂದು ಲೆಕ್ಕವೇ. ಹಲವು ಕೋನಗಳಿಂದ ಹಾಯ್ದ ಕ್ಷ-ಕಿರಣಗಳು ಎಷ್ಟೆಷ್ಟು ಕ್ಷೀಣಿಸಿದವು ಎಂಬ ಅಳತೆಗಳಿಂದ ಒಳಗಿನ ಪದರವನ್ನು ಕಂಪ್ಯೂಟರು ಮರಳಿ ಕಟ್ಟುತ್ತದೆ. ಇದಕ್ಕಾಗಿ ಎಂಜಿನಿಯರ್ ಹೌನ್ಸ್‌ಫೀಲ್ಡ್ ಮತ್ತು ಭೌತವಿಜ್ಞಾನಿ ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ದೊರೆಯಿತು. ಪೆಟ್ ಸ್ಕ್ಯಾನಿನ ಬಣ್ಣಗಳೂ ಅಂಕಿಗಳ ಮೇಲೆ ನಾವು ಬಳಿದವೇ. ವಿಕಿರಣಶೀಲ ಫ್ಲೋರಿನ್ ಜೋಡಿಸಿದ ಸಕ್ಕರೆಯನ್ನು ಯಾವ ಭಾಗ ಎಷ್ಟು ಹೀರಿಕೊಂಡಿತು ಎಂಬುದನ್ನು ಅವು ಹೇಳುತ್ತವೆ. ಕೆಂಪಗೆ ಉರಿದಂತೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಉರಿಯೂತವೂ ಸಕ್ಕರೆ ತಿನ್ನುತ್ತದೆ.

ಚಿತ್ರಕ್ಕಿರುವ ದೊಡ್ಡ ಮಿತಿ ಕಾಲದ್ದು. ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಕೋಶಗಳಿವೆ ಎಂಬುದು ರೂಢಿಯಲ್ಲಿರುವ ಲೆಕ್ಕ. ಒಂದೇ ಕೋಶ ಅಷ್ಟಾಗಬೇಕಾದರೆ 30 ಬಾರಿ ಇಮ್ಮಡಿಯಾಗಿರಬೇಕು. ಅಲ್ಲಿಂದ ಮುಂದೆ ಇನ್ನು 10 ಬಾರಿ ಇಮ್ಮಡಿಯಾದರೆ ಗಡ್ಡೆಯ ತೂಕ ಒಂದು ಕಿಲೋ ಮುಟ್ಟುತ್ತದೆ. ಅಂದರೆ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವ ಹೊತ್ತಿಗೆ ರೋಗದ ಇತಿಹಾಸದ ಬಹುಪಾಲು ಕಳೆದುಹೋಗಿರುತ್ತದೆ. ಕಣ್ಣಳತೆಯೂ ಮೋಸ ಮಾಡುತ್ತದೆ: 2 ಸೆಂಟಿಮೀಟರ್ ವ್ಯಾಸದ ಗಡ್ಡೆ ಎರಡೂವರೆ ಸೆಂಟಿಮೀಟರಿಗೆ ಬೆಳೆದರೆ ಅಲ್ಪಸ್ವಲ್ಪ ಹಿಗ್ಗಿದಂತೆ ಕಂಡೀತು, ಆದರೆ ಅದರ ಘನಗಾತ್ರ ಹತ್ತಿರಹತ್ತಿರ ಎರಡು ಪಟ್ಟಾಗಿರುತ್ತದೆ.

ವಾಸ್ತವದಲ್ಲಿ ಗಡ್ಡೆ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ದೊಡ್ಡದಾದಂತೆ ಒಳಭಾಗಕ್ಕೆ ರಕ್ತವೂ ಆಮ್ಲಜನಕವೂ ಸಾಲದೆ ಬೆಳವಣಿಗೆ ನಿಧಾನಿಸುತ್ತದೆ. ಮನುಷ್ಯರ ಮರಣಪ್ರಮಾಣವನ್ನು ಲೆಕ್ಕ ಹಾಕಲು ಗಣಿತಜ್ಞ ಗಾಂಪರ್ಟ್ಸ್ 1825ರಲ್ಲಿ ಕೊಟ್ಟ ಸೂತ್ರವೇ ಈ ನಿಧಾನಿಕೆಗೂ ಹೊಂದುತ್ತದೆ ಎಂದು 1960ರ ದಶಕದಲ್ಲಿ ಕಂಡುಬಂತು. ಇದರಿಂದ ಒಂದು ವಿಚಿತ್ರ ತೀರ್ಮಾನ ಹೊರಟಿತು: ಔಷಧಿಯಿಂದ ಕುಗ್ಗಿದ ಗಡ್ಡೆ ತನ್ನ ಗಾತ್ರದ ಲೆಕ್ಕದಲ್ಲಿ ಮೊದಲಿಗಿಂತ ವೇಗವಾಗಿ ಚಿಗುರುತ್ತದೆ, ಆದ್ದರಿಂದ ಎರಡು ಸುತ್ತಿನ ಔಷಧಿಗಳ ನಡುವೆ ಅದಕ್ಕೆ ಹೆಚ್ಚು ಬಿಡುವು ಕೊಡಬಾರದು. ಸ್ತನ ಕ್ಯಾನ್ಸರಿನಲ್ಲಿ 3 ವಾರಗಳ ಅಂತರವನ್ನು 2 ವಾರಕ್ಕೆ ಇಳಿಸಿ ಪರೀಕ್ಷಿಸಿದ ಪ್ರಯೋಗಗಳ ಹಿಂದೆ ಇದ್ದದ್ದು ಈ ಗಣಿತವೇ.

ಈಗ ಮಿದುಳಿನ ಗೆರೆಗೆ ಮರಳೋಣ. ಗ್ಲಿಯೋಮಾ ಎಂಬ ಗಡ್ಡೆಯ ಕೋಶಗಳು ಒಂದೆಡೆ ವೃದ್ಧಿಯಾಗುತ್ತವೆ, ಜೊತೆಗೆ ಸುತ್ತಲಿನ ಮಿದುಳಿನೊಳಕ್ಕೆ ಒಂದೊಂದಾಗಿ ನುಸುಳುತ್ತವೆ. ನರತಂತುಗಳ ಕಟ್ಟುಗಳು ಹಾದುಹೋಗುವ ಬಿಳಿ ಭಾಗದಲ್ಲಿ ಅವು ಬೂದು ಭಾಗಕ್ಕಿಂತ ಸಲೀಸಾಗಿ ಸಾಗುತ್ತವೆ. ಹೀಗಾಗಿ ಮಾದರಿ ಕಟ್ಟುವವರು ಮುಖ್ಯವಾಗಿ ಎರಡೇ ಸಂಖ್ಯೆಗಳನ್ನು ಹುಡುಕುತ್ತಾರೆ, ವೃದ್ಧಿಯ ವೇಗ ಮತ್ತು ಹರಡುವಿಕೆಯ ವೇಗ. ಚಿಕಿತ್ಸೆಗೆ ಮುಂಚೆ ಬೇರೆಬೇರೆ ದಿನ ತೆಗೆದ ಎರಡು ಚಿತ್ರಗಳಿದ್ದರೆ ಆ ಸಂಖ್ಯೆಗಳನ್ನು ಆ ರೋಗಿಗೇ ಸೀಮಿತವಾಗಿ ಅಂದಾಜು ಮಾಡಬಹುದು. ನೀರಿನ ಅಣುಗಳ ಚಲನೆಯನ್ನು ಅಳೆಯುವ ಇನ್ನೊಂದು ಬಗೆಯ ಎಂ.ಆರ್.ಐ. ತಂತುಗಳ ದಿಕ್ಕನ್ನು ತಿಳಿಸುತ್ತದೆ. ಆಗ ಗೆರೆಯಾಚೆ ಎಲ್ಲೆಲ್ಲಿ ಎಷ್ಟು ಕೋಶಗಳಿದ್ದಾವು ಎಂಬ ನಕ್ಷೆ ಮೂಡುತ್ತದೆ. ವಿಕಿರಣ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಗಡ್ಡೆಯ ಸುತ್ತ ಎಲ್ಲ ದಿಕ್ಕಿಗೂ ಒಂದೆರಡು ಸೆಂಟಿಮೀಟರ್ ಅಂಚು ಸೇರಿಸುತ್ತಾರೆ. ಮಾದರಿಯ ನಕ್ಷೆಯಾದರೋ ಒಂದು ಕಡೆ ಚಾಚಿ ಇನ್ನೊಂದು ಕಡೆ ಹಿಂಜರಿಯುತ್ತದೆ. ಅದರಂತೆ ಅಂಚನ್ನು ಬದಲಿಸಬೇಕೆ ಎಂಬುದು ಇನ್ನೂ ಪರೀಕ್ಷೆಯಲ್ಲಿರುವ ಪ್ರಶ್ನೆ.

ಆ ಪರೀಕ್ಷೆ ಸುಲಭವಲ್ಲ. ಬಿರುಸಾಗಿ ವೃದ್ಧಿಯಾಗುತ್ತ ನಿಧಾನವಾಗಿ ಹರಡುವ ಗಡ್ಡೆಯೂ, ನಿಧಾನವಾಗಿ ವೃದ್ಧಿಯಾಗುತ್ತ ಬಿರುಸಾಗಿ ಹರಡುವ ಗಡ್ಡೆಯೂ ಒಂದೇ ದಿನದ ಚಿತ್ರದಲ್ಲಿ ಒಂದೇ ಅಗಲದ್ದಾಗಿ ಕಾಣಬಹುದು. ಹಿಂದಿನ ಚಿತ್ರಗಳಿಗೆ ಚೆನ್ನಾಗಿ ಹೊಂದಿತೆಂಬ ಮಾತ್ರಕ್ಕೆ ಮಾದರಿಯನ್ನು ನಂಬುವುದು, ಉತ್ತರ ನೋಡಿ ಬರೆದ ಲೆಕ್ಕಕ್ಕೆ ಅಂಕ ಕೊಟ್ಟಂತೆ ಎಂದು ನನಗನಿಸುತ್ತದೆ. ಮುಂದಿನ ಸ್ಕ್ಯಾನಿಗೆ ಮೊದಲೇ ಅದು ತನ್ನ ಊಹೆಯನ್ನು ಬರೆದಿಡಬೇಕು. ಅದಕ್ಕಿಂತ ಕಠಿಣವಾದ ಪರೀಕ್ಷೆ ಸೂಜಿಯದು: ಶಸ್ತ್ರಚಿಕಿತ್ಸೆಯ ಸಮಯದಲ್ಲಿ, ಸುರಕ್ಷಿತವಾದ ಕಡೆ, ಗೆರೆಯಾಚೆಯ ಜಾಗದಿಂದ ಅಕ್ಕಿಕಾಳಿನಷ್ಟು ಅಂಗಾಂಶ ತೆಗೆದು, ಅದರ ನಿಖರ ಸ್ಥಾನವನ್ನು ಎಂ.ಆರ್.ಐ. ಮೇಲೆ ಗುರುತಿಸಿ, ಸೂಕ್ಷ್ಮದರ್ಶಕದಡಿ ಕ್ಯಾನ್ಸರ್ ಕೋಶಗಳನ್ನು ಎಣಿಸುತ್ತಾರೆ. ಆ ಎಣಿಕೆಯನ್ನು ಮಾದರಿ ಅದೇ ಬಿಂದುವಿಗೆ ಹೇಳಿದ್ದ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡುತ್ತಾರೆ.

ನಮಸ್ಕಾರ.