ಕ್ಲಚ್ ಪ್ಲೇಟ್ ನಿಜವಾಗ್ಲೂ ಹೋಗಿದೆಯಾ? ಇಂಜಿನ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

[ದೃಶ್ಯ: ಘಾಟಿ ತಿರುವಿನಲ್ಲಿ ಇಬ್ಬರನ್ನು ಹೊತ್ತು ಏರುತ್ತಿರುವ ಬೈಕ್]

ನಮಸ್ಕಾರ. ಚಾರ್ಮಾಡಿ ಘಾಟಿ ಏರುತ್ತಿದ್ದೀರಿ, ಹಿಂದೆ ಒಬ್ಬರು ಕೂತಿದ್ದಾರೆ. ಆಕ್ಸಿಲರೇಟರ್ ತಿರುಗಿಸಿದಷ್ಟೂ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಗ್ಯಾರೇಜಿಗೆ ಹೋದರೆ, "ಕ್ಲಚ್ ಪ್ಲೇಟ್ ಹೋಗಿದೆ ಸಾರ್, ಹಾಕಿಸ್ಬೇಕು" ಅನ್ನುತ್ತಾರೆ. ಹೋಗಿರಲೂಬಹುದು. ಆದರೆ ಕ್ಲಚ್ ಕೇಬಲ್ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ. ಅದಕ್ಕೆ ಬೇಕಾಗಿದ್ದು ಒಂದು ಸ್ಪ್ಯಾನರ್ ಅಷ್ಟೇ.

ಮೊದಲು ಇದು ಕ್ಲಚ್ ತೊಂದರೆಯೇ ಅಂತ ಖಚಿತ ಮಾಡಿಕೊಳ್ಳಿ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಸುಮಾರು 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಕೊಡಿ.

[ದೃಶ್ಯ: ಆರ್‌ಪಿಎಂ ಮುಳ್ಳು ಮತ್ತು ಸ್ಪೀಡೋಮೀಟರ್ ಅಕ್ಕಪಕ್ಕ]

ಆರ್‌ಪಿಎಂ ಮುಳ್ಳು ಸರ್‍ರನೆ ಮೇಲೇರಿ ವೇಗ ಅಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಎರಡೂ ನಿಧಾನವಾಗಿ ಜೊತೆಜೊತೆಗೇ ಏರಿದರೆ ಕ್ಲಚ್ ಹಿಡಿಯುತ್ತಿದೆ ಅಂತ ಅರ್ಥ. ಆಗ ತೊಂದರೆ ಬೇರೆ ಕಡೆ ಇದೆ: ಏರ್ ಫಿಲ್ಟರ್, ಕಾರ್ಬ್ಯುರೇಟರ್, ಕಂಪ್ರೆಷನ್, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬಹುದು. ಪಿಕಪ್ ಇಲ್ಲದ್ದಕ್ಕೆಲ್ಲ ಪ್ಲೇಟ್ ಬದಲಿಸಿದರೆ ದುಡ್ಡು ದಂಡ. ಆರ್‌ಪಿಎಂ ಮೀಟರ್ ಇಲ್ಲದ ಗಾಡಿಯಲ್ಲಿ ಕಿವಿಯೇ ಸಾಕು. ಸದ್ದು ಏರಿದ್ದು, ವೇಗ ಏರದಿದ್ದದ್ದು ಚೆನ್ನಾಗಿ ಗೊತ್ತಾಗುತ್ತದೆ.

ಕ್ಲಚ್ ಜಾರುವುದು ಖಚಿತವಾಯಿತು. ಈಗ ಕ್ಲಚ್ ಲಿವರ್ ನೋಡಿ. ಇಂಜಿನ್ ಆಫ್ ಮಾಡಿ ಲಿವರನ್ನು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಬಿಗಿ ಹಿಡಿಯುವ ಮೊದಲು ಲಿವರಿನ ತುದಿ 10ರಿಂದ 20 ಮಿ.ಮೀ. ಸುಮ್ನೆ ಆಡಬೇಕು. ಹೆಚ್ಚಿನ ಗಾಡಿಗಳಿಗೆ ಇದೇ ಅಳತೆ, ನಿಮ್ಮ ಗಾಡಿಯದ್ದು ಮ್ಯಾನುಯಲ್‌ನಲ್ಲಿರುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಿ. ಸ್ವಲ್ಪವೂ ಆಟ ಇಲ್ಲ ಅಂದರೆ ನೀವು ಲಿವರಿನಿಂದ ಕೈ ಬಿಟ್ಟರೂ ಒಳಗೆ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ. ಹಾಫ್ ಕ್ಲಚ್‌ನಲ್ಲೇ ಗಾಡಿ ಓಡಿಸಿದಂತೆ. ಕೇಬಲ್ಲಿನ ಅಡ್ಜಸ್ಟರ್ ಸಡಿಲಿಸಿ ಮತ್ತೆ ಓಡಿಸಿ ನೋಡಿ.

ಇಲ್ಲೊಂದು ಒಳ್ಳೆಯ ಸುಳಿವಿದೆ, ತುಂಬಾ ಜನ ಇದನ್ನು ಗಮನಿಸುವುದಿಲ್ಲ. ಕೇಬಲ್ ಹಳೆಯದಾದರೆ ಉದ್ದವಾಗುತ್ತದೆ, ಲಿವರಿನ ಆಟ ಜಾಸ್ತಿಯಾಗುತ್ತದೆ. ಪ್ಲೇಟ್ ಸವೆದರೆ ಇದಕ್ಕೆ ಉಲ್ಟಾ, ಆಟ ಕಮ್ಮಿಯಾಗುತ್ತದೆ. ಯಾರೂ ಮುಟ್ಟದಿದ್ದರೂ ಲಿವರ್ ಮತ್ತೆ ಮತ್ತೆ ಬಿಗಿಯಾಗುತ್ತಿದ್ದರೆ ಒಳಗೆ ಪ್ಲೇಟ್ ಸವೆಯುತ್ತಿದೆ.

[ದೃಶ್ಯ: ಆಯಿಲ್ ಡಬ್ಬಿಯ ಹಿಂಬದಿ]

ಆಮೇಲೆ ಆಯಿಲ್. ನಮ್ಮ ಹೆಚ್ಚಿನ ಗೇರ್ ಬೈಕುಗಳಲ್ಲಿ ಕ್ಲಚ್ ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಲಿ. ಎಂಬಿ ಅಂತಿದ್ದರೆ ಬೇಡ. ಅದರಲ್ಲಿ ಘರ್ಷಣೆ ಕಮ್ಮಿ, ಸ್ಕೂಟರಿಗೆ ಸರಿ. ಕೆಲವು ಕಾರ್ ಆಯಿಲ್‌ಗಳೂ ಹೀಗೆಯೇ. ಇಂಥ ಆಯಿಲ್ ಹಾಕಿದರೆ ಒಳ್ಳೆಯ ಪ್ಲೇಟ್ ಕೂಡ ಜಾರುತ್ತದೆ. ಆಯಿಲ್ ಬದಲಿಸಿದ ಮೇಲೆಯೇ ತೊಂದರೆ ಶುರುವಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಗೇರಿನಲ್ಲಿ ಕ್ಲಚ್ ಲಿವರ್ ಒತ್ತಿ ಹಿಡಿದರೂ ಗಾಡಿ ಮುಂದೆ ತೆವಳುತ್ತಿದ್ದರೆ, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗದಿದ್ದರೆ, ಅದು ಬೇರೆ ಕಥೆ. ಅಲ್ಲಿ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು, ಕ್ಲಚ್ ಒಳಗಿನ ಸ್ಟೀಲ್ ಪ್ಲೇಟ್ ಬಾಗಿರಬಹುದು.

ಕೇಬಲ್ ಸರಿ, ಆಯಿಲ್ ಸರಿ, ಆದರೂ ಜಾರುತ್ತಿದೆ, ಸುಟ್ಟ ವಾಸನೆ ಬೇರೆ. ಈಗ ಬಿಚ್ಚಿಸಿ, ಆದರೆ ಪಕ್ಕದಲ್ಲೇ ನಿಂತು ನೋಡಿ. ಫ್ರಿಕ್ಷನ್ ಪ್ಲೇಟನ್ನು, ಅಂದರೆ ಸ್ಟೀಲ್ ಪ್ಲೇಟ್‌ಗಳ ನಡುವೆ ಕೂತು ಸವೆಯುವ ಪ್ಲೇಟನ್ನು, ವರ್ನಿಯರ್ ಎಂಬ ಅಳತೆ ಸಾಧನದಲ್ಲಿ ಅಳೆಯಲು ಹೇಳಿ. ಸಣ್ಣ ಬೈಕುಗಳಲ್ಲಿ ಹೊಸ ಪ್ಲೇಟ್ ಸುಮಾರು 3 ಮಿ.ಮೀ. ದಪ್ಪ ಇರುತ್ತದೆ, ಅರ್ಧ ಮಿ.ಮೀ. ಸವೆದರೆ ಅದರ ಆಯಸ್ಸು ಮುಗಿದಂತೆ. ಸ್ಟೀಲ್ ಪ್ಲೇಟ್ ನೀಲಿ ತಿರುಗಿದ್ದರೆ ಅತಿಯಾಗಿ ಕಾದಿದೆ. ಸ್ಪ್ರಿಂಗ್ ಉದ್ದವನ್ನೂ ಅಳೆಸಿ. ಸೋತ ಸ್ಪ್ರಿಂಗ್ ಹಾಗೇ ಬಿಟ್ಟರೆ ಹೊಸ ಪ್ಲೇಟೂ ಜಾರುತ್ತದೆ.

[ದೃಶ್ಯ: ಆಯಿಲ್ ತಟ್ಟೆಯಲ್ಲಿ ಹೊಸ ಪ್ಲೇಟ್‌ಗಳು]

ಹೊಸ ಪ್ಲೇಟ್‌ಗಳನ್ನು ಒಣದಾಗಿಯೇ ಕೂರಿಸಲು ಬಿಡಬೇಡಿ. ಕೂರಿಸುವ ಮೊದಲು ಅದೇ ಇಂಜಿನ್ ಆಯಿಲ್‌ನಲ್ಲಿ ಚೆನ್ನಾಗಿ ನೆನೆಸಬೇಕು.