ರಕ್ತದಾನ ಶಿಬಿರ: ಸಂಘಗಳು ಗಮನಿಸಬೇಕಾದದ್ದು

ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಸದಸ್ಯ ಬಂಧುಗಳೇ,

ನಮ್ಮ ಸೇವಾ ಸಂಘಗಳ ವಾರ್ಷಿಕ ವರದಿ ತೆರೆದರೆ ಕಣ್ಣಿನ ತಪಾಸಣೆ, ಸಸಿ ನೆಡುವುದು, ಶಾಲೆಗಳಿಗೆ ನೋಟ್‌ಬುಕ್ ವಿತರಣೆ, ರಕ್ತದಾನ ಶಿಬಿರ ಇವು ಇದ್ದೇ ಇರುತ್ತವೆ. ಇವತ್ತು ರಕ್ತದಾನ ಶಿಬಿರವೊಂದನ್ನೇ ಎತ್ತಿಕೊಳ್ಳುತ್ತೇನೆ. ನೋಟ್‌ಬುಕ್ ಹಂಚುವುದು ಒಂದು ವಾರ ತಡವಾದರೂ ನಡೆಯುತ್ತದೆ. ರಕ್ತಕ್ಕೆ ಅವಧಿ ಇದೆ, ಕೊಟ್ಟವರ ಆರೋಗ್ಯದ ಹೊಣೆಯೂ ನಮ್ಮ ಮೇಲಿದೆ.

ಮೊದಲು ದಿನಾಂಕದ ವಿಚಾರ. ವರ್ಷಕ್ಕೊಮ್ಮೆ ಸ್ವಾತಂತ್ರ್ಯ ದಿನಕ್ಕೋ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಕ್ಕೋ ದೊಡ್ಡ ಶಿಬಿರ ಮಾಡಿ 300 ಯೂನಿಟ್ ದಾಟಿಸುವುದು ಹಲವು ಸಂಘಗಳ ಹಂಬಲ. ಅದೇ ದಿನ ಊರಿನ ಇನ್ನೂ ಮೂರು ಸಂಘಗಳೂ ಶಿಬಿರ ಇಟ್ಟಿರುತ್ತವೆ. ಕೆಂಪು ಕಣಗಳನ್ನು ಬ್ಯಾಗಿನೊಳಗಿನ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಇಡಬಹುದು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳನ್ನು 5 ದಿನ ಮಾತ್ರ. ಒಂದೇ ವಾರದಲ್ಲಿ ರಕ್ತ ಬಂದು ಬಿದ್ದರೆ ಒಂದಷ್ಟು ಅವಧಿ ಮೀರಿ ಹಾಳಾಗುತ್ತದೆ, ಎರಡು ತಿಂಗಳು ಕಳೆಯುವಷ್ಟರಲ್ಲಿ ರಕ್ತನಿಧಿಯ ಫ್ರಿಜ್ ಬರಿದಾಗುತ್ತದೆ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಆ ಮಗು ಅಕ್ಟೋಬರ್ 1ರವರೆಗೆ ಕಾಯಲಾರದು.

ಹಾಗಾಗಿ ಮೂರು ತಿಂಗಳಿಗೊಮ್ಮೆ 60-70 ಜನರ ಶಿಬಿರ ಮಾಡಿ. ನಿಯಮದ ಪ್ರಕಾರ ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಅಂದರೆ ಈ ಸಲ ಬಂದವರಲ್ಲಿ ಹಲವರು ಮುಂದಿನ ಶಿಬಿರಕ್ಕೂ ಬರಬಲ್ಲರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಲೇಜುಗಳಿಗೆ ರಜೆ, ದಾನಿಗಳು ಕಡಿಮೆ. ಆಗ ಒಂದು ಶಿಬಿರ ಇಡಿ. ಮಳೆಗಾಲ ಹಿಡಿದ ಮೇಲೆ ಡೆಂಗಿ ಹೆಚ್ಚುತ್ತದೆ, ಪ್ಲೇಟ್‌ಲೆಟ್‌ಗೆ ಬೇಡಿಕೆ ಏರುತ್ತದೆ, ಆಗ ಇನ್ನೊಂದು. ದಿನಾಂಕವನ್ನು ಬ್ಯಾನರ್ ಅಚ್ಚಾಗುವ ಮೊದಲು ರಕ್ತನಿಧಿಯವರನ್ನು ಕೇಳಿಯೇ ಗೊತ್ತುಮಾಡಿ. ರಕ್ತ ಸಂಗ್ರಹಿಸುವ ಪರವಾನಗಿ ಇರುವುದು ಅವರಿಗೆ. ಜಾಗ, ಜನ, ಉಪಚಾರ ನಮ್ಮ ಪಾಲು.

6ರಿಂದ 8 ಮಂಚ ಹಿಡಿಸುವ, ಗಾಳಿ ಬೆಳಕಿರುವ, ನೆಲಮಹಡಿಯ ಜಾಗವೇ ಆಗಬೇಕು. ನೆಲಮಹಡಿ ಏಕೆಂದು ಆಮೇಲೆ ಹೇಳುತ್ತೇನೆ. ಕೈ ತೊಳೆಯಲು ನೀರು, ಕರೆಂಟು ಹೋದರೆ ಜನರೇಟರ್ ಇರಲಿ. ಒಬ್ಬ ವೈದ್ಯರು, ಇಬ್ಬರು ನರ್ಸ್, ಮೂವರು ತಂತ್ರಜ್ಞರ ತಂಡ ಮೂರು ಗಂಟೆಯಲ್ಲಿ 50ರಿಂದ 70 ದಾನಿಗಳನ್ನು ನೋಡಿಕೊಳ್ಳಬಲ್ಲದು. ಆ ತಂಡಕ್ಕೆ 200 ಜನರನ್ನು ತಂದು ನಿಲ್ಲಿಸಿದರೆ ತಪಾಸಣೆ ಅವಸರದ್ದಾಗುತ್ತದೆ. ಬರುವವರಿಗೆಲ್ಲ ಒಂಬತ್ತು ಗಂಟೆಗೇ ಬನ್ನಿ ಎನ್ನುವ ಬದಲು, ಅರ್ಧ ಗಂಟೆಗೆ ಹತ್ತು ಹನ್ನೆರಡು ಜನರಂತೆ ಹೊತ್ತು ಹಂಚಿಕೊಡಿ.

ಶಿಬಿರ ಕೆಡುವುದು ಹೆಚ್ಚಾಗಿ ವೇದಿಕೆಯ ಕಾರ್ಯಕ್ರಮದಿಂದ. ಮುಖ್ಯ ಅತಿಥಿ ಹನ್ನೊಂದಕ್ಕೆ ಬರುತ್ತಾರೆ, ದೀಪ ಬೆಳಗಿ, ಸ್ವಾಗತ, ಭಾಷಣ, ವಂದನಾರ್ಪಣೆ ಮುಗಿಯುವವರೆಗೂ ದಾನಿಗಳು ಕುಳಿತಿರುತ್ತಾರೆ. ಬೆಳಿಗ್ಗೆ ಏಳಕ್ಕೆ ತಿಂಡಿ ತಿಂದವರ ಹೊಟ್ಟೆ ಅಷ್ಟೊತ್ತಿಗೆ ಖಾಲಿ, ನೀರೂ ಕುಡಿದಿರುವುದಿಲ್ಲ. ಮಂಚದ ಮೇಲೆ ತಲೆಸುತ್ತು ಬರುವುದು ಇಂಥವರಿಗೇ. ಒಂಬತ್ತಕ್ಕೆ ರಕ್ತ ತೆಗೆಯುವುದು ಶುರುವಾಗಲಿ, ಅತಿಥಿಗಳು ಬಂದಾಗ ಬರಲಿ, ಸಭೆ ಪಕ್ಕದಲ್ಲಿ ನಡೆಯಲಿ. ನೋಂದಣಿ ಮೇಜಿನಲ್ಲೇ ಅರ್ಧ ಲೀಟರ್ ನೀರಿನ ಬಾಟಲಿ ಕೊಟ್ಟು ಅಲ್ಲೇ ಕುಡಿಸಿ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಮೊದಲು ತಿಂಡಿ ಕೊಡಿ.

ಇನ್ನು ತಪಾಸಣೆ. 18 ವರ್ಷ ತುಂಬಿರಬೇಕು, ತೂಕ 45 ಕೆ.ಜಿ.ಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ (ಡೆಸಿಲೀಟರಿಗೆ) ಇರಬೇಕು. ಹಿಂದಿನ ರಾತ್ರಿ ನೈಟ್ ಶಿಫ್ಟ್ ಮಾಡಿ ನಿದ್ದೆಗೆಟ್ಟು ಬಂದವರು, ಹನ್ನೆರಡು ತಿಂಗಳೊಳಗೆ ಹಚ್ಚೆ ಹಾಕಿಸಿಕೊಂಡವರು ಕೊಡುವಂತಿಲ್ಲ. ಪ್ರಶ್ನೆ ಕೇಳುವ ಮೇಜಿಗೆ ಪರದೆ ಕಟ್ಟಿ, ಸಂಘದವರು ಯಾರೂ ಅದರ ಹತ್ತಿರ ನಿಲ್ಲಬೇಡಿ. ಹಿಂದೆ ಗೆಳೆಯ ನಿಂತಿದ್ದರೆ ಹುಡುಗನೊಬ್ಬ ತನ್ನ ಖಾಸಗಿ ವಿಷಯಕ್ಕೆ ನಿಜವಾದ ಉತ್ತರ ಕೊಡುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಪ್ರತಿ ಯೂನಿಟ್‌ಗೂ ನಡೆಯುತ್ತದೆ ನಿಜ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಸಿಗದಿರಬಹುದು. ಆ ಅಂತರವನ್ನು ತುಂಬುವುದು ದಾನಿಯ ಪ್ರಾಮಾಣಿಕ ಉತ್ತರ ಮಾತ್ರ. ಬೇಡವೆಂದು ವಾಪಸು ಕಳಿಸಿದವರನ್ನು "ಯಾಕೆ, ಏನಾಯ್ತು?" ಎಂದು ಯಾರೂ ಕೆದಕಬೇಡಿ. ಅವರಿಗೂ ನೀರು, ತಿಂಡಿ, ಧನ್ಯವಾದ ಸಲ್ಲಬೇಕು. ಹಿಮೋಗ್ಲೋಬಿನ್ ಕಡಿಮೆ ಎಂದು ತಿಳಿದ ಹೆಣ್ಣುಮಗಳಿಗೆ ಅಲ್ಲೇ ವೈದ್ಯರ ಸಲಹೆ ಸಿಗುವಂತೆ ಮಾಡಿದರೆ ಅದೂ ದೊಡ್ಡ ಸೇವೆಯೇ.

ನೆಲಮಹಡಿಯ ಮಾತಿಗೆ ಬರುತ್ತೇನೆ. 350 ಅಥವಾ 450 ಮಿ.ಲೀ. ರಕ್ತ ಕೊಟ್ಟು ಎದ್ದವರು ಬೀಳುವುದು ಕೆಲವೊಮ್ಮೆ ಮಂಚದಿಂದ ಇಳಿದ ಮೇಲೆ: ತಿಂಡಿ ಮೇಜಿನ ಮುಂದೆ, ಇಲ್ಲವೇ ಮೆಟ್ಟಿಲ ಮೇಲೆ. ಮೊದಲ ಸಲ ಕೊಡುವ ಹುಡುಗ ಹುಡುಗಿಯರಲ್ಲಿ ಇದು ಹೆಚ್ಚು. ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗುವುದು, ಆಕಳಿಕೆ, ತುಟಿ ಬಿಳಚುವುದು, ಹಣೆಯಲ್ಲಿ ತಣ್ಣನೆ ಬೆವರು: ಇವು ಮುನ್ಸೂಚನೆ. ಕಂಡ ತಕ್ಷಣ ನೆಲದ ಮೇಲಾದರೂ ಸರಿ ಮಲಗಿಸಿ, ಕಾಲು ಎತ್ತಿ ಹಿಡಿದು, ನರ್ಸನ್ನು ಕರೆಯಿರಿ. ಕೂರಿಸಿ ಬಾಯಿಗೆ ನೀರು ಹಾಕಬೇಡಿ. ಎಚ್ಚರ ತಪ್ಪಿದವರಿಗೆ ಅದು ಶ್ವಾಸಕ್ಕೆ ಇಳಿಯಬಹುದು. ತಿಂಡಿಯ ಜಾಗ ಮಂಚಗಳ ಪಕ್ಕದಲ್ಲೇ ಇರಲಿ, ಬೆಂಚಿನ ಬದಲು ಒರಗುವ ಕುರ್ಚಿ ಹಾಕಿ, ಹದಿನೈದು ನಿಮಿಷ ಕೂರಿಸಿ. ಇಬ್ಬರು ಸ್ವಯಂಸೇವಕರಿಗೆ ದಾನಿಗಳ ಮುಖ ನೋಡುತ್ತಿರುವುದೇ ಕೆಲಸವಾಗಿರಲಿ, ಬೇರೇನೂ ಬೇಡ. ಮಂಚದಲ್ಲಿರುವಾಗ ಕಾಲ ಮೇಲೆ ಕಾಲು ಹಾಕಿ ತೊಡೆಯ ಸ್ನಾಯುಗಳನ್ನು ಐದು ಸೆಕೆಂಡ್ ಬಿಗಿಹಿಡಿದು ಬಿಡುತ್ತಿದ್ದರೆ ತಲೆಸುತ್ತು ಎಷ್ಟೋ ಕಡಿಮೆಯಾಗುತ್ತದೆ. ಸೂಜಿ ತೆಗೆದ ಮೇಲೆ ಮೊಣಕೈ ಮಡಚದೆ, ಕೈ ಚಾಚಿ ಹತ್ತಿಯನ್ನು ಒತ್ತಿ ಹಿಡಿಯಬೇಕು. ಮಡಚಿದರೆ ಒಳಗೇ ರಕ್ತ ಸೋರಿ ನೀಲಿಗಟ್ಟುತ್ತದೆ.

ಮಂಚದ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ದಯವಿಟ್ಟು ಬಿಡಿ. ನರ್ಸಿಗೆ ಓಡಾಡಲು ಜಾಗ ಇರುವುದಿಲ್ಲ, ದಾನಿಗೆ ಗಾಳಿ ಇರುವುದಿಲ್ಲ. ಉಡುಗೊರೆಯ ಆಸೆ ತೋರಿಸುವುದೂ ಬೇಡ. ಹೆಲ್ಮೆಟ್ಟಿಗೋ ಬ್ಯಾಗಿಗೋ ಬಂದವರು ಕಾಯಿಲೆ ಮುಚ್ಚಿಡುವ ಸಂಭವ ಹೆಚ್ಚು. ಹಣಕ್ಕೆ ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟ್ 1996ರ ತೀರ್ಪಿನಲ್ಲಿ ನಿಲ್ಲಿಸಲು ಹೇಳಿದ್ದರ ಹಿಂದೆಯೂ ರಕ್ತದ ಸುರಕ್ಷತೆಯ ಇದೇ ಕಾಳಜಿ ಇತ್ತು.

ಶಿಬಿರ ರಕ್ತನಿಧಿಯಿಂದ ದೂರದಲ್ಲಿದ್ದರೆ ಬ್ಯಾಗುಗಳನ್ನು ಎರಡು ಸಲವಾಗಿ ಕಳಿಸಿ. ಪ್ಲೇಟ್‌ಲೆಟ್ ಬೇರ್ಪಡಿಸಲು ರಕ್ತ ತೆಗೆದ ಆರರಿಂದ ಎಂಟು ಗಂಟೆಯೊಳಗೆ ಕೆಲಸ ಮುಗಿಯಬೇಕು, ಅಲ್ಲಿಯವರೆಗೆ ಬ್ಯಾಗು 20ರಿಂದ 24 ಡಿಗ್ರಿಯಲ್ಲಿರಬೇಕು. ಬೆಳಿಗ್ಗೆ ತೆಗೆದದ್ದನ್ನು ಸಂಜೆ ಒಟ್ಟಿಗೆ ಒಯ್ದರೆ ಆ ಬ್ಯಾಗುಗಳಿಂದ ಪ್ಲೇಟ್‌ಲೆಟ್ ಸಿಗುವುದಿಲ್ಲ. ಒಳ್ಳೆಯ ಉದ್ದೇಶದಿಂದ ಐಸ್ ತುಂಬಿಸಿಡುವ ಕೆಲಸವನ್ನೂ ನೀವಾಗಿ ಮಾಡಬೇಡಿ. ಬಳಸಿದ ಸೂಜಿ, ಹತ್ತಿಗಳು ಪುರಸಭೆಯ ಕಸದ ಗಾಡಿಗೆ ಹೋಗಕೂಡದು, ರಕ್ತನಿಧಿಯವರೇ ಒಯ್ಯಬೇಕು.

ದಾನಿಗಳ ಹೆಸರು, ಫೋನ್ ನಂಬರ್, ರಕ್ತದ ಗುಂಪು ವಾಟ್ಸಾಪ್ ಗುಂಪಿಗೆ ಹೋಗದಂತೆ ಕಾರ್ಯದರ್ಶಿಗಳ ಬಳಿಯೇ ಇರಲಿ. ಮರುದಿನ ಒಂದು ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸಿ, ಮುಂದಿನ ಶಿಬಿರದ ದಿನ ತಿಳಿಸಿ. ಎರಡು ತಿಂಗಳ ಬಳಿಕ ರಕ್ತನಿಧಿಯಿಂದ ಒಂದು ಲೆಕ್ಕ ಕೇಳಿ ಪಡೆಯಿರಿ: ಎಷ್ಟು ಜನ ವಾಪಸಾದರು, ಏಕೆ, ಎಷ್ಟು ಯೂನಿಟ್ ರೋಗಿಗಳಿಗೆ ಹೋಯಿತು, ಎಷ್ಟು ಅವಧಿ ಮೀರಿತು. ಮುಂದಿನ ವರ್ಷದ ವರದಿಯಲ್ಲಿ ಸಂಗ್ರಹವಾದ ಯೂನಿಟ್‌ಗಳ ಪಕ್ಕದಲ್ಲಿ ಈ ಅಂಕಿಗಳನ್ನೂ, ಎರಡನೇ ಸಲ ಬಂದ ದಾನಿಗಳ ಸಂಖ್ಯೆಯನ್ನೂ ಅಚ್ಚು ಹಾಕಿಸಿ.