48 ಕೆ.ಜಿ.ಯಿಂದ 51 ಕೆ.ಜಿ.ಗೆ: ಮೇರಿ ಕೋಮ್ ಬಾಕ್ಸಿಂಗ್ ಬದುಕು

ನಮಸ್ಕಾರ. ಮೇರಿ ಕೋಮ್ ಗೆದ್ದ ಪದಕಗಳ ಪಟ್ಟಿ ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ಆದರೆ ಪ್ರತಿ ಪದಕದ ಪಕ್ಕದಲ್ಲಿ ನಮೂದಾಗಿರುವ ತೂಕದ ಅಂಕಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಹವ್ಯಾಸಿ (ವೃತ್ತಿಪರವಲ್ಲದ, ಒಲಿಂಪಿಕ್ಸ್ ಮಾದರಿಯ) ಬಾಕ್ಸರ್ ಒಬ್ಬರ ಬದುಕನ್ನು ಅರಿಯಲು ಆ ಅಂಕಿಯಿಂದಲೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ 2001ರಲ್ಲಿ ಅಮೆರಿಕದ ಸ್ಕ್ರಾಂಟನ್ ನಗರದಲ್ಲಿ ನಡೆಯಿತು. ಮಣಿಪುರದ ರೈತ ಕುಟುಂಬದ ಮೇರಿ ಅಲ್ಲಿ 48 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದರು. 2002ರಿಂದ 2010ರವರೆಗೆ ಐದು ಬಾರಿ ವಿಶ್ವ ಚಾಂಪಿಯನ್ ಆದರು. 2007ರಲ್ಲಿ ಅವಳಿ ಮಕ್ಕಳ ತಾಯಿಯಾಗಿ, ಮರುವರ್ಷವೇ ಚೀನಾದ ನಿಂಗ್ಬೊದಲ್ಲಿ ಗೆದ್ದ ಚಿನ್ನವೂ ಅವುಗಳಲ್ಲಿ ಒಂದು. ಐದೂ ಚಿನ್ನಗಳು ಬಂದದ್ದು 48 ಕೆ.ಜಿ. ಮೀರದ ವಿಭಾಗಗಳಲ್ಲಿ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಕ್ಸಿಂಗ್‌ಗೆ ಮೊದಲ ಬಾರಿಗೆ ಅವಕಾಶ ದೊರೆತಾಗ, ಪುರುಷರಿಗೆ ಹತ್ತು ತೂಕ ವಿಭಾಗಗಳಿದ್ದರೆ ಮಹಿಳೆಯರಿಗೆ 51, 60 ಮತ್ತು 75 ಕೆ.ಜಿ.ಯ ಮೂರು ವಿಭಾಗಗಳನ್ನಷ್ಟೇ ಇಡಲಾಗಿತ್ತು. ಹೀಗಾಗಿ, ತಮ್ಮ ವಿಭಾಗದಲ್ಲಿ ಜಗತ್ತಿಗೇ ಮೊದಲಿಗರಾಗಿದ್ದ ಮೇರಿ ಮೈತೂಕ ಹೆಚ್ಚಿಸಿಕೊಂಡು, ತಮಗಿಂತ ಎತ್ತರದ, ತೋಳು ಉದ್ದವಿರುವ ಎದುರಾಳಿಗಳ ಮುಂದೆ ನಿಲ್ಲಬೇಕಾಯಿತು. ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ನಿಕೋಲಾ ಆಡಮ್ಸ್ ಅವರಿಗೆ 6–11ರಿಂದ ಸೋತು ಕಂಚು ಪಡೆದರು. ಅದನ್ನು ಸೋಲೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ತೂಕ ಹೆಚ್ಚಿಸುವುದು ಒಂದು ಕಷ್ಟವಾದರೆ, ಇಳಿಸುವುದು ಇನ್ನೊಂದು. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಪಂದ್ಯ ಇರುವ ದಿನವೆಲ್ಲ ಬೆಳಿಗ್ಗೆ ತೂಕ ನೋಡುತ್ತಾರೆ. ಮಿತಿ ಮೀರಿದರೆ ರಿಂಗಿಗೆ ಪ್ರವೇಶವಿಲ್ಲ. ಮತ್ತೆ 48 ಕೆ.ಜಿ. ವಿಭಾಗಕ್ಕೆ ಮರಳಿದ್ದ ಮೇರಿ 2018ರಲ್ಲಿ ಟೂರ್ನಿಯೊಂದಕ್ಕಾಗಿ ಪೋಲೆಂಡ್‌ಗೆ ಬಂದಿಳಿದಾಗ ಮುಂಜಾನೆ ಸುಮಾರು ಮೂರು ಗಂಟೆ. ಏಳೂವರೆಗೆ ತೂಕ ಕೊಡಬೇಕಿತ್ತು, ಮೈತೂಕ 48ಕ್ಕಿಂತ ಎರಡು ಕೆ.ಜಿ. ಹೆಚ್ಚಿತ್ತು. ನಿದ್ದೆಗೆಟ್ಟ ಆ ಹೊತ್ತಿನಲ್ಲಿ ಒಂದು ಗಂಟೆ ಬಿಡದೆ ಸ್ಕಿಪ್ಪಿಂಗ್ ಮಾಡಿ, ಬೆವರು ಹರಿಸಿ, ಮಿತಿಯೊಳಗೆ ಬಂದು, ಆ ಟೂರ್ನಿಯಲ್ಲಿ ಚಿನ್ನ ಗೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯಲ್ಲಿ ಅವರ ಆರನೆಯ ವಿಶ್ವ ಪ್ರಶಸ್ತಿ ಬಂದದ್ದೂ 48 ಕೆ.ಜಿ.ಯಲ್ಲೇ.

ಟೋಕಿಯೊ ಒಲಿಂಪಿಕ್ಸ್‌ಗಾಗಿ ಮತ್ತೆ 51ಕ್ಕೆ ಏರಿದರು. ಅಲ್ಲಿ ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾ ವಿರುದ್ಧ ಮೂರರಲ್ಲಿ ಎರಡು ಸುತ್ತುಗಳನ್ನು ಗೆದ್ದರೂ, ಐವರು ತೀರ್ಪುಗಾರರಲ್ಲಿ ನಾಲ್ವರು ಮೊದಲ ಸುತ್ತನ್ನು ಎದುರಾಳಿಗೆ ಕೊಟ್ಟಿದ್ದರಿಂದ ಒಟ್ಟು ಲೆಕ್ಕದಲ್ಲಿ 2–3ರಿಂದ ಸೋತರು. ನಲವತ್ತು ದಾಟಿದವರಿಗೆ ಹವ್ಯಾಸಿ ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ಕಣದಲ್ಲಿ ಅವಕಾಶವಿಲ್ಲ; ಹಾಗಾಗಿ ಮತ್ತೊಂದು ಒಲಿಂಪಿಕ್ಸ್ ಅವರಿಗೆ ಉಳಿದಿರಲಿಲ್ಲ.

2024ರ ಪ್ಯಾರಿಸ್‌ನಲ್ಲಿ ಮಹಿಳೆಯರಿಗೆ ಆರು ವಿಭಾಗಗಳಿದ್ದವು. ಅತ್ಯಂತ ಹಗುರವಾದುದು 50 ಕೆ.ಜಿ. 2025ರಲ್ಲಿ ಲಿವರ್‌ಪೂಲ್‌ನಲ್ಲಿ 48 ಕೆ.ಜಿ. ವಿಭಾಗದ ವಿಶ್ವ ಚಿನ್ನ ಗೆದ್ದ ನಮ್ಮ ಮೀನಾಕ್ಷಿ ಹೂಡಾ ಕೂಡ ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಮೇರಿಯಂತೆಯೇ ತಮ್ಮ ತೂಕವನ್ನು ಬಿಟ್ಟು ಮೇಲೇರಬೇಕು.